ಅಡಿಗೊಂದು ಇಂಚಿನ ಮನೆಗಳು

1743ರಲ್ಲಿ ಸಾರಾ ರೋಥೆ ಎಂಬ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಯೊಬ್ಬರ ಹೆಂಡತಿ ಹರಾಜಿನಲ್ಲಿ ಹಳೆಯ ಗೊಂಬೆಮನೆಗಳನ್ನು ಕೊಂಡರು. ತಂದದ್ದನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಹೊಸದಾಗಿ ಎರಡು ಕಪಾಟುಗಳನ್ನು ಮಾಡಿಸಿ, ಹಳೆಯ ಸಾಮಾನನ್ನೆಲ್ಲ ಹೊರಗೆ ತೆಗೆದು ಕೋಣೆಕೋಣೆಗೆ ಮತ್ತೆ ಹಂಚಿದರು. ಮುರಿದದ್ದನ್ನು ಸರಿ ಮಾಡಿಸಿದರು, ಪುಟ್ಟ ಬಟ್ಟೆಬರೆಗೆ ತಾವೇ ಸೂಜಿ ಹಿಡಿದರು. ಏನೇನು ಮಾಡಿಸಿದೆ, ಯಾವುದಕ್ಕೆ ಎಷ್ಟು ಕೊಟ್ಟೆ ಎಂದು ಬರೆದೂ ಇಟ್ಟರು. ಆ ಎರಡು ಕಪಾಟುಗಳಲ್ಲಿ ಒಂದು ಇವತ್ತು ಹಾರ್ಲೆಮ್ ನಗರದ ಫ್ರಾನ್ಸ್ ಹಾಲ್ಸ್ ಮ್ಯೂಸಿಯಮ್ಮಿನಲ್ಲಿದೆ, ಇನ್ನೊಂದು ಹೇಗ್ ನಗರದಲ್ಲಿದೆ.

ಗೊಂಬೆಮನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅರಸುಮನೆಯಿಂದ ಶುರು ಮಾಡುತ್ತಾರೆ. ನನಗೆ ಸಾರಾ ರೋಥೆಯವರೇ ಮೊದಲು ನೆನಪಾಗುತ್ತಾರೆ. ಇನ್ನೊಬ್ಬರು ಕಟ್ಟಿದ ಪುಟ್ಟ ಮನೆಯನ್ನು ಕೈಗೆತ್ತಿಕೊಂಡು, ಬಿಚ್ಚಿ, ಒರೆಸಿ, ಕೂಡಿಸಿ, ಅದರ ಲೆಕ್ಕ ಬರೆದಿಟ್ಟವರಿಂದಲೇ ಈ ಹವ್ಯಾಸ ಉಳಿದು ಬಂದಿದೆ ಎಂಬುದು ನನ್ನ ನಂಬಿಕೆ.

ಅರಸುಮನೆಯ ಕತೆಯೂ ಇದೆ. ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಕ್ಟ್ 1558ರ ಹೊತ್ತಿಗೆ ಮ್ಯೂನಿಕ್ಕಿನಲ್ಲಿ ಒಂದು ಗೊಂಬೆಮನೆ ಮಾಡಿಸಿದ್ದ. 1674ರಲ್ಲಿ ಅರಮನೆಗೆ ಬಿದ್ದ ಬೆಂಕಿಯಲ್ಲಿ ಅದು ಹೋಯಿತು. ಒಳಗೆ ಏನೇನಿತ್ತೆಂದು ನಮಗೆ ತಿಳಿದಿರುವುದು 1598ರಲ್ಲಿ ಬರೆದ ಸಾಮಾನಿನ ಪಟ್ಟಿಯಿಂದ. ನ್ಯೂರೆಂಬರ್ಗಿನ ಮನೆಗಳ ರೀತಿ ಬೇರೆ. ಅಲ್ಲಿನ 1639ರ ಸ್ಟ್ರೋಮರ್ ಮನೆಯಲ್ಲಿ ಕುದುರೆ ಲಾಯ, ಉಗ್ರಾಣ, ಅಡುಗೆಮನೆಯ ಪಾತ್ರೆ ಪಡಗ ಎಲ್ಲವೂ ಇವೆ. ಅದೇ ಊರಿನ ಆನ್ನಾ ಕೋಫರ್ಲಿನ್ 1631ರಲ್ಲಿ ತಾವು ಕೂಡಿಸಿದ ಮನೆಯನ್ನು ಜನರಿಗೆ ತೋರಿಸಿ, ಹೆಣ್ಣುಮಕ್ಕಳು ಸಂಸಾರದ ವ್ಯವಸ್ಥೆಯನ್ನು ಇದರಿಂದ ಕಲಿಯಲಿ ಎಂದು ಕರಪತ್ರ ಅಚ್ಚು ಹಾಕಿಸಿದ್ದರು. ಆಡುವುದಕ್ಕೆಂದು ಮಗುವಿನ ಕೈಗೆ ಕೊಡುವ ಕಾಲ ಇನ್ನೂ ಬಂದಿರಲಿಲ್ಲ.

ಡಚ್ಚರ ಮನೆಗಳಂತೂ ದೊಡ್ಡವರ ಸೊತ್ತು. ಪೆಟ್ರೊನೆಲ್ಲಾ ಊರ್ಟ್‌ಮನ್ ಸುಮಾರು 1686ರಿಂದ 1710ರವರೆಗೆ ಕೂಡಿಸಿದ ಮನೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಆಮೆಚಿಪ್ಪು ಮತ್ತು ತವರ ಕೂರಿಸಿದ ಕಪಾಟು, ಪೂರ್ವದೇಶಗಳಿಂದ ಬಂದ ಪಿಂಗಾಣಿ. ಅದಕ್ಕೆ 20ರಿಂದ 30 ಸಾವಿರ ಗಿಲ್ಡರ್ ಖರ್ಚಾಯಿತಂತೆ. ಆ ದುಡ್ಡಿಗೆ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯೇ ಸಿಗುತ್ತಿತ್ತು. ಯಾಕೋಬ್ ಅಪೆಲ್ ಎಂಬ ಚಿತ್ರಕಾರ ಸುಮಾರು 1710ರಲ್ಲಿ ಈ ಗೊಂಬೆಮನೆಯ ಚಿತ್ರ ಬರೆದ. ಚಿತ್ರದಲ್ಲಿರುವ ಗೊಂಬೆಗಳಲ್ಲಿ ಬಹುಪಾಲು ಇವತ್ತು ಮನೆಯಲ್ಲಿಲ್ಲ. ಯಾವ ಕೋಣೆಯಲ್ಲಿ ಯಾರು ಕೂತಿದ್ದರು ಎಂದು ತಿಳಿಯಲು ಆ ಚಿತ್ರವನ್ನೇ ನೋಡಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಗೊಂಬೆಮನೆ ಕಾರ್ಖಾನೆಗೆ ಹೋಯಿತು, ಮಗುವಿನ ಕೋಣೆಗೂ ಬಂತು. ಸ್ಯಾಕ್ಸನಿಯ ಮೋರಿಟ್ಸ್ ಗೊಟ್‌ಶಾಲ್ಕ್, ಅಮೆರಿಕದ ಬ್ಲಿಸ್ ಕಂಪನಿ ಮುಂತಾದವರು ಮರದ ಮೇಲೆ ಬಣ್ಣದ ಕಾಗದ ಅಂಟಿಸಿ ಇಟ್ಟಿಗೆ, ಕಿಟಕಿ, ಬಳ್ಳಿ ಎಲ್ಲವನ್ನೂ ಕಾಣುವಂತೆ ಮಾಡಿದರು. ಬೆಲೆ ಇಳಿಯಿತು. ದುರಸ್ತಿ ಮಾಡುವವರಿಗೆ ಈ ಮನೆಗಳೇ ಕಷ್ಟ. ಮರದ ಬಣ್ಣ ಹೋದರೆ ಮತ್ತೆ ಹಚ್ಚಬಹುದು, ಅಚ್ಚಿನ ಕಾಗದ ಹರಿದರೆ ಹರಿದದ್ದೇ.

ಅಡಿಗೊಂದು ಇಂಚು, ಅಂದರೆ ಹನ್ನೆರಡರಲ್ಲಿ ಒಂದು ಪಾಲು ಎಂಬ ಅಳತೆ ಗಟ್ಟಿಯಾದದ್ದು ಇಪ್ಪತ್ತನೇ ಶತಮಾನದಲ್ಲಿ. ಅದರ ಪ್ರಸಿದ್ಧ ಮಾದರಿ ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ ಕ್ವೀನ್ ಮೇರಿ ಗೊಂಬೆಮನೆ. ದೆಹಲಿಯ ರೈಸಿನಾ ಗುಡ್ಡದ ಮೇಲೆ ವೈಸ್‌ರಾಯ್ ಭವನ ಏಳುತ್ತಿದ್ದ ವರ್ಷಗಳಲ್ಲೇ, 1921ರಿಂದ 1924ರವರೆಗೆ, ಅದೇ ವಾಸ್ತುಶಿಲ್ಪಿ ಈ ಮನೆಯನ್ನೂ ಕಟ್ಟಿಸಿದರು. ಸುಮಾರು 1,500 ಕಲಾವಿದರು, ಕುಶಲಕರ್ಮಿಗಳು, ತಯಾರಕರು ಕೈಜೋಡಿಸಿದರು. ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಲಿಫ್ಟ್ ಏರುತ್ತದೆ. ಕಾನನ್ ಡಾಯ್ಲ್, ಥಾಮಸ್ ಹಾರ್ಡಿ ಮೊದಲಾದವರು ಬರೆದುಕೊಟ್ಟ ಪುಟ್ಟ ಪುಸ್ತಕಗಳು ಗ್ರಂಥಾಲಯದಲ್ಲಿವೆ. 1924ರ ವೆಂಬ್ಲಿ ಪ್ರದರ್ಶನದಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಈಗ ಅದು ವಿಂಡ್ಸರ್ ಕೋಟೆಯಲ್ಲಿದೆ. ಅಮೆರಿಕದಲ್ಲಿ ನಾರ್ಸಿಸ್ಸಾ ಥಾರ್ನ್ 1930ರ ದಶಕದಲ್ಲಿ ಇದೇ ಅಳತೆಯಲ್ಲಿ ಮನೆಗಳನ್ನು ಬಿಟ್ಟು ಬರೀ ಕೋಣೆಗಳನ್ನು ಮಾಡಿಸಿದರು. ಅವುಗಳಲ್ಲಿ 68 ಕೋಣೆಗಳು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿವೆ.

ಫ್ರಾನ್ಸಿಸ್ ಗ್ಲೆಸ್‌ನರ್ ಲೀ ಅವರ ಕೆಲಸವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1940ರ ದಶಕದಲ್ಲಿ, ಅನುಮಾನಾಸ್ಪದ ಸಾವು ನಡೆದ ಜಾಗಗಳನ್ನು ಇದೇ ಅಳತೆಯಲ್ಲಿ ಕಟ್ಟಿ, ಪೊಲೀಸರಿಗೆ ನೋಡುವುದನ್ನು ಕಲಿಸಿದವರು ಅವರು. ಮೇಜಿನ ಮೇಲಿನ ಲೋಟ, ನೆಲದ ಮೇಲಿನ ಕಲೆ, ಅರ್ಧ ತೆರೆದ ಕಿಟಕಿ, ಪ್ರತಿಯೊಂದೂ ಸಾಕ್ಷಿ. 2017ರಲ್ಲಿ ವಾಷಿಂಗ್ಟನ್ನಿನ ರೆನ್‌ವಿಕ್ ಗ್ಯಾಲರಿಯಲ್ಲಿ ಇವನ್ನು ಪ್ರದರ್ಶಿಸುವ ಮುಂಚೆ ಸಂರಕ್ಷಕರು ಹಳೆಯ ಬಿಸಿ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಬೆಳಕಿನ ಬಣ್ಣ ಮೊದಲಿನಂತೆಯೇ ಕಾಣಬೇಕಿತ್ತು. ಒಂದು ಲೋಟ ಅತ್ತಿತ್ತ ಸರಿದರೂ ಪ್ರಕರಣವೇ ಬದಲಾಗುತ್ತದೆ. ಇದ್ದದ್ದನ್ನು ಇದ್ದಲ್ಲೇ ಉಳಿಸುವುದೂ ದುರಸ್ತಿಯೇ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿಕೊಡುವ ಕೆಲಸ ನಾನು ಕಂಡಿಲ್ಲ.

ಈ ಪಾಠವನ್ನು ಹವ್ಯಾಸಿಗಳ ನಡುವೆ ಹರಡಿದವರಲ್ಲಿ ವಿವಿಯನ್ ಗ್ರೀನ್ ದೊಡ್ಡ ಹೆಸರು. ನಮ್ಮ ಆರ್. ಕೆ. ನಾರಾಯಣರ ಮೊದಲ ಕಾದಂಬರಿಗೆ ಪ್ರಕಾಶಕರನ್ನು ಹುಡುಕಿಕೊಟ್ಟ ಗ್ರಹಾಂ ಗ್ರೀನ್ ಅವರ ಹೆಂಡತಿ ಈಕೆ. 1940ರಲ್ಲಿ ಲಂಡನ್ನಿನ ಅವರ ಮನೆ ಬಾಂಬಿಗೆ ಬಿತ್ತು. ಮುಂದೆ ಆಕ್ಸ್‌ಫರ್ಡಿನಲ್ಲಿದ್ದಾಗ, ಯುದ್ಧ ಇನ್ನೂ ಮುಗಿಯದ ದಿನಗಳಲ್ಲಿ, ಹರಾಜಿನಲ್ಲಿ ಒಂದು ಹಳೆಯ ಗೊಂಬೆಮನೆ ಕೊಂಡು ಸರಿಮಾಡತೊಡಗಿದರು. ಸ್ವಂತ ಮನೆ ಕಳೆದುಕೊಂಡವರು ಗೊಂಬೆಯ ಮನೆಗೆ ಪರದೆ ಹೊಲಿಯುತ್ತ ಕೂತ ಚಿತ್ರ ನನ್ನ ಕಣ್ಣ ಮುಂದಿನಿಂದ ಸರಿಯುವುದಿಲ್ಲ. ಆಮೇಲೆ ಅವರು ಇಂಗ್ಲೆಂಡಿನ ಹಳೆಯ ಗೊಂಬೆಮನೆಗಳನ್ನು ಹುಡುಕಿಕೊಂಡು ಹೋಗಿ ನೋಡಿ, ಬರೆದುಕೊಂಡು, 1955ರಲ್ಲಿ ಪುಸ್ತಕ ತಂದರು. ಅದಕ್ಕೆ ಎರಡು ವರ್ಷ ಮುಂಚೆ ಅಮೆರಿಕದ ಫ್ಲೋರಾ ಗಿಲ್ ಜೇಕಬ್ಸ್ ಕೂಡ ಗೊಂಬೆಮನೆಗಳ ಇತಿಹಾಸ ಬರೆದಿದ್ದರು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ವಸ್ತು ಹೀಗೆ ಅಧ್ಯಯನದ ವಿಷಯವಾಯಿತು.

1970ರ ದಶಕದಲ್ಲಿ ಹವ್ಯಾಸಿಗಳ ಗುಂಪು ಒಮ್ಮೆಲೇ ದೊಡ್ಡದಾಯಿತು. ಅಮೆರಿಕದಲ್ಲಿ 1972ರಲ್ಲಿ ಮಿನಿಯೇಚರ್ ಆಸಕ್ತರ ರಾಷ್ಟ್ರೀಯ ಸಂಘ ಹುಟ್ಟಿತು, ಆ ದಶಕದ ಕೊನೆಗೆ ಕುಶಲಕರ್ಮಿಗಳ ಅಂತರರಾಷ್ಟ್ರೀಯ ಗಿಲ್ಡ್ ಬಂತು. ಕತ್ತರಿಸಿದ ಪ್ಲೈವುಡ್ ತುಂಡುಗಳ ಕಿಟ್ ಸಿಗತೊಡಗಿತು. ಜಾಗ ಕಡಿಮೆಯಿದ್ದವರು ಅಡಿಗೆ ಅರ್ಧ ಇಂಚು, ಕಾಲು ಇಂಚಿಗೂ ಇಳಿದರು.

ಅಳತೆ ಇಳಿದಂತೆ ಕಷ್ಟ ಏರುತ್ತದೆ. ಹನ್ನೆರಡರಲ್ಲಿ ಒಂದು ಪಾಲಿನ ಪರದೆಗೆ ಯಾವ ತೆಳು ಬಟ್ಟೆ ಹಾಕಿದರೂ ಅದು ತನ್ನ ಭಾರಕ್ಕೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ಅದಕ್ಕೆ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಥರ್ಮೊಕೋಲಿನ ಮೇಲೆ ನೆರಿಗೆ ನೆರಿಗೆಯಾಗಿ ಗುಂಡುಪಿನ್ನು ಚುಚ್ಚಿ ಒಣಗಿಸಬೇಕು. ಸಾಗುವಾನಿಯಲ್ಲಿ ಪುಟ್ಟ ಕುರ್ಚಿ ಮಾಡಿದರೆ ಮರದ ಎಳೆಯೇ ದೊಡ್ಡದಾಗಿ ಕಂಡು ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಯುರೋಪಿನವರು ಪೇರ್, ಬಾಕ್ಸ್‌ವುಡ್ ಮರ ಹುಡುಕುತ್ತಾರೆ. ಚನ್ನಪಟ್ಟಣದವರು ಎಳೆ ಕಾಣದ ಹಾಲೆ ಮರವನ್ನೇ ತಿರುಗಣಿಗೆ ಹಿಡಿಯುತ್ತ ಬಂದಿದ್ದಾರೆ, ಅವರ ಬೊಂಬೆ ಅಷ್ಟು ನುಣುಪಾಗಿ ಬರುವುದರಲ್ಲಿ ಅರಗಿನಷ್ಟೇ ಪಾಲು ಆ ಮರದ್ದೂ ಇದೆ.

ದುರಸ್ತಿಯ ಬಗ್ಗೆ ಹವ್ಯಾಸಿಗಳ ಮನಸ್ಸು ನಿಧಾನವಾಗಿ ಬದಲಾಗಿದೆ. ಮೊದಲೆಲ್ಲ ಹಳೆಯ ಮನೆ ಸಿಕ್ಕರೆ ಬಣ್ಣ ಕೆರೆದು, ಗೋಡೆಕಾಗದ ಕಿತ್ತು, ಹೊಸದರಂತೆ ಮಾಡುತ್ತಿದ್ದರು. ಈಗ ಬಲ್ಲವರು ಕಿತ್ತ ಕಾಗದದ ಒಂದು ಮೂಲೆಯನ್ನಾದರೂ ಉಳಿಸುತ್ತಾರೆ, ಕೆಳಗೆ ಎಷ್ಟು ಪದರವಿದೆ ಎಂದು ನೋಡಿ ಬರೆದಿಡುತ್ತಾರೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಉಜ್ಜುಕಾಗದ ಹಾಕುವುದಿಲ್ಲ. ಮುರಿದದ್ದನ್ನು ಮತ್ತೆ ಬಿಡಿಸಲು ಬರುವ ಅಂಟಿನಿಂದಲೇ ಕೂಡಿಸುತ್ತಾರೆ.

ಇದರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯಲ್ಲೇ. ಸೋದರತ್ತೆಯ ಮದುವೆಗೆ ಕೊಟ್ಟ ಪಟ್ಟದ ಗೊಂಬೆಗಳ ಬಣ್ಣ ಮಾಸಿತ್ತು. ಒಂದು ನವರಾತ್ರಿಗೆ ಮುಂಚೆ ಪ್ರೀತಿಯಿಂದಲೇ ಎನಾಮಲ್ ಪೇಂಟ್ ತಂದು ಬಳಿದೆವು. ರಾಣಿಯ ಕಣ್ಣು ಹೋಯಿತು. ಹಳೆಯ ಕಲಾವಿದ ಒಂದೇ ಎಳೆತದಲ್ಲಿ ಬರೆದಿದ್ದ ರೆಪ್ಪೆ ಬಣ್ಣದ ಕೆಳಗೆ ಉಳಿಯಿತು. ಅತ್ತೆ ಏನೂ ಅನ್ನಲಿಲ್ಲ, ಆ ವರ್ಷ ರಾಣಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರಿಸಿದರು.

ಈಗ ದುರಸ್ತಿಗೆ ಬರುತ್ತಿರುವುದು ಕಾರ್ಖಾನೆಯ ಮನೆಗಳೇ. 1947ರಲ್ಲಿ ಶುರುವಾದ ಸ್ವೀಡನ್ನಿನ ಲುಂಡ್‌ಬಿ ಮನೆಗಳಲ್ಲಿ ಆಡಿ ಬೆಳೆದವರು ಇವತ್ತು ಅವುಗಳ ಸಣ್ಣ ಪ್ಲಗ್ಗು ತೊಳೆದು, ವೈರು ಬದಲಿಸಿ, ಮತ್ತೆ ದೀಪ ಹತ್ತಿಸುತ್ತಿದ್ದಾರೆ. ಲೇಸರಿನಲ್ಲಿ ಕತ್ತರಿಸಿದ ಚೀನಾದ ಕಿಟ್‌ಗಳು ಬೆಂಗಳೂರಿನ ಫ್ಲಾಟುಗಳಿಗೂ ಬಂದಿವೆ. ನಾನೂ ಒಂದನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಅವಸರಕ್ಕೆ ಕಿಟಕಿಗೆ ಸೂಪರ್ ಗ್ಲೂ ಹಾಕಿದೆ, ಅದರ ಹಬೆಗೆ ಪಾರದರ್ಶಕ ಹಾಳೆಯೆಲ್ಲ ಮಂಜು ಕವಿದಂತೆ ಬೆಳ್ಳಗಾಯಿತು. ಹಾಳೆ ಬದಲಿಸಿ ಕಾದು ಕೂತು ಮತ್ತೆ ಅಂಟಿಸಿದೆ. ಗೋಡೆಗಳಿಗೆ ಫೆವಿಕಾಲ್ ಸಾಕು. ಕುರ್ಚಿ, ಮಂಚಗಳ ಕೀಲಿಗೆ ಮಾತ್ರ ಹಳೆಯ ಬಡಗಿಗಳ ಹಾಗೆ ಸರೇಸನ್ನು ಬಿಸಿಮಾಡಿ ಹಚ್ಚುತ್ತಿದ್ದೇನೆ. ಅದು ಒಣಗಲು ಒಂದು ರಾತ್ರಿ ಬೇಕು. ಮುಂದೆ ಯಾರಿಗಾದರೂ ಬಿಚ್ಚಬೇಕೆನಿಸಿದರೆ ಬಿಸಿನೀರಿನ ಒದ್ದೆ ಬಟ್ಟೆ ಸುತ್ತಿಟ್ಟು ಸ್ವಲ್ಪ ಹೊತ್ತು ಕಾದರಾಯಿತು, ಕಾಲು ಮುರಿಯದೆ ಬಿಟ್ಟುಬರುತ್ತದೆ. ತಳದ ಹಲಗೆಯ ಕೆಳಗೆ ಪೆನ್ಸಿಲಿನಲ್ಲಿ ಇದನ್ನು ಬರೆದಿದ್ದೇನೆ, ತಾರೀಕಿನ ಸಮೇತ.