ಬಾಬಾಸಾಹೇಬರು ಸೋತ ಎರಡು ವಾದಗಳು

ಬಾಬಾಸಾಹೇಬರು ಅಂದ ಕೂಡಲೇ ನಾವು ಮಹಾಡ್ ಕೆರೆ, ಸಂವಿಧಾನ, ಮೀಸಲಾತಿ ಅಂತ ಶುರು ಮಾಡ್ತೀವಿ. ಮೈ ಬಗ್ಗೆ, ಬಸಿರಿನ ಬಗ್ಗೆ ತಿಳಿಯೋ ಹಕ್ಕಿಗಾಗಿ ಅವರು ವಾದ ಮಾಡಿ ಸೋತದ್ದನ್ನ ನಮ್ಮ ವೇದಿಕೆಗಳಲ್ಲಿ ಹೇಳೋರು ಕಮ್ಮಿ.

ರಘುನಾಥ ಧೋಂಡೊ ಕರ್ವೆ ಗಣಿತದ ಮೇಷ್ಟ್ರು. 1921ರಲ್ಲೇ ಮುಂಬೈಯಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದವರು. 1927ರಿಂದ ‘ಸಮಾಜ ಸ್ವಾಸ್ಥ್ಯ’ ಅನ್ನೋ ಮರಾಠಿ ಮಾಸಿಕ ನಡೆಸಿದರು. ಯಾರ ಹತ್ರಾನೂ ಬಾಯಿಬಿಟ್ಟು ಕೇಳಲಾಗದ್ದನ್ನ ಜನ ಅದಕ್ಕೆ ಬರೆದು ಕೇಳ್ತಿದ್ರು. ಕರ್ವೆ ಮುಚ್ಚುಮರೆ ಇಲ್ಲದೆ ಉತ್ತರಿಸ್ತಿದ್ರು. ಆ ಉತ್ತರಗಳೇ ಅಶ್ಲೀಲ ಅಂತ ಕೇಸಾಯ್ತು. 1934ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ನಿಂತವರು ಬಾಬಾಸಾಹೇಬರು. ತಿಳಿಯಬೇಕು ಅಂತ ಕೇಳಿದವರಿಗೆ ತಿಳಿದವರು ಹೇಳಿದರೆ ಅದು ಅಶ್ಲೀಲ ಹೇಗಾಗುತ್ತೆ ಅನ್ನೋದು ವಾದ. ಕೋರ್ಟು ಒಪ್ಪಲಿಲ್ಲ. ಕರ್ವೆಗೆ 200 ರೂಪಾಯಿ ದಂಡ. (ವೇದ ಕೇಳಿದ ಕಿವಿಗೆ ಕಾದ ಸೀಸ ಹುಯ್ಯಿರಿ ಅಂದ ಸಮಾಜ ತಾನೇ ಇದು!)

ಎರಡನೆಯದು 1938ರ ನವೆಂಬರ್ 10. ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ಮುಂಬೈ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ನಿರ್ಣಯ ತಂದಿತು. ಅವತ್ತು ಅವರು ಸದನದಲ್ಲಿರಲಿಲ್ಲ, ಮಂಡಿಸಿದವರು ಪಿ.ಜೆ. ರೋಹಮ್. ಯಾವ ಕಾರಣಕ್ಕೇ ಆಗಲಿ ಹೆಣ್ಣಿಗೆ ಮಗು ಬೇಡ ಅನ್ನಿಸಿದರೆ ಬಸಿರು ತಡೆಯೋದು ಅವಳ ಕೈಲೇ ಇರಬೇಕು ಅನ್ನೋದು ಆ ಭಾಷಣದ ತಿರುಳು. ನಿರ್ಣಯ ಬಿದ್ದುಹೋಯ್ತು.

ಮುಂದೆ 1952ರಲ್ಲಿ ಸರ್ಕಾರವೇ ಕುಟುಂಬ ಯೋಜನೆ ತಂದಿತು. ಆದರೆ ‘ಅವಳ ಕೈಲೇ’ ಅನ್ನೋದು ಮಾತ್ರ ಬರಲಿಲ್ಲ. ಬಂದದ್ದು ಟಾರ್ಗೆಟ್ಟು. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ, ರಾತ್ರಿ ಟಾರ್ಚ್ ಬೆಳಕಲ್ಲಿ, ಒಬ್ಬನೇ ಸರ್ಜನ್ ಎರಡು ಗಂಟೆಯೊಳಗೆ 53 ಬಡ ಹೆಂಗಸರ ಹೊಟ್ಟೆ ಕೊಯ್ದ. ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟಿಗೆ ಹೋದರು. ಆಪರೇಷನ್ ಅಂದ್ರೇನು, ಅದರಿಂದ ಏನಾಗುತ್ತೆ ಅಂತ ಆ ಹೆಂಗಸಿಗೆ ಅವಳ ಭಾಷೆಯಲ್ಲೇ ತಿಳಿಸಿ ಅಂತ ಕೋರ್ಟು ಹೇಳಿದ್ದು 2016ರಲ್ಲಿ. ಕರ್ವೆಗೆ ದಂಡ ಬಿದ್ದು 82 ವರ್ಷ ಆಗಿತ್ತು.

ನಮ್ಮವ್ವಂದೂ ಕ್ಯಾಂಪಿನ ಆಪರೇಷನ್ನೇ. ವಂಕಿ, ಮಾತ್ರೆ, ನಿರೋಧ್ ಅಂತ ಬೇರೆ ದಾರಿ ಇವೆ ಅಂತ ಯಾರೂ ಹೇಳಿರಲಿಲ್ಲ. ಅಪ್ಪಂಗೂ ಮಾಡಬಹುದಿತ್ತು, ಅದು ಇನ್ನೂ ಸಣ್ಣ ಆಪರೇಷನ್ನು ಅಂತ ನಾನು ಹೇಳಿದಾಗ ಅವಳಿಗೆ ಅರವತ್ತು ದಾಟಿತ್ತು. “ಹಂಗಾ?” ಅಂದ್ಳು.

1938ರ ಆ ಭಾಷಣ ಬಾಬಾಸಾಹೇಬರ ಇಂಗ್ಲಿಷ್ ಸಂಪುಟಗಳಲ್ಲಿ ಎರಡನೆಯದರಲ್ಲಿದೆ. ಈ ಸಲದ ಜಯಂತಿಗೆ ನಮ್ಮ ಕೇರಿಯ ಹೆಣ್ಣುಮಕ್ಕಳ ಮುಂದೆ ಅದನ್ನ ಕನ್ನಡದಲ್ಲಿ ಓದೋಣ ಅಂತಿದೀನಿ. ಅನುವಾದಕ್ಕೆ ಕೈ ಜೋಡಿಸೋರು ಹೇಳಿ.

ಜೈಭೀಮ್.