ಕುಲಾಂತರಿ ಬೆಳೆಗಳ ಕ್ಷೇತ್ರ ಪ್ರಯೋಗ: ದೇಶ ದಾಟುವ ದತ್ತಾಂಶದ ಚರಿತ್ರೆ

ಕುಲಾಂತರಿ ಬೆಳೆಯೊಂದನ್ನು ರೈತರ ಹೊಲಕ್ಕೆ ಬಿಡುವ ಮೊದಲು ಸರ್ಕಾರ ಕೆಲವು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ಅದರ ಪರಾಗ ಎಷ್ಟು ದೂರ ಹಾರುತ್ತದೆ? ಜೇನುಹುಳುವಿಗೆ, ಎರೆಹುಳುವಿಗೆ ತೊಂದರೆಯಿದೆಯೆ? ಗಿಡ ಕಳೆಯಾಗಿ ಹಬ್ಬೀತೆ? ಈ ಉತ್ತರಗಳು ಬರುವುದು ನಿರ್ಬಂಧಿತ ಕ್ಷೇತ್ರ ಪ್ರಯೋಗಗಳಿಂದ. ಒಂದು ದೇಶದ ಹೊಲದಲ್ಲಿ ಸಿಕ್ಕ ಉತ್ತರವನ್ನು ಇನ್ನೊಂದು ದೇಶ ತನ್ನದೆಂದು ಒಪ್ಪಬಹುದೆ, ಯಾವ ಷರತ್ತಿನ ಮೇಲೆ ಒಪ್ಪಬಹುದು ಎಂಬ ಚರ್ಚೆಗೆ ಮೂರು ದಶಕಗಳಾಗುತ್ತ ಬಂದಿವೆ. ಬಳ್ಳಾರಿ–ರಾಯಚೂರು ಸೀಮೆಯ ಎರೆಹೊಲಗಳಿಗೆ ಆ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ.

ಗಡಿ ದಾಟುವ ಹೊಲದ ಲೆಕ್ಕ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ ಬಳಿಯ ಹಗರಿಯಲ್ಲಿ ಮದ್ರಾಸ್ ಸರ್ಕಾರ 1906ರಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ ಒಣಬೇಸಾಯ ಯೋಜನೆ ಹಾಕಿಕೊಂಡಾಗ ಆರಿಸಿದ ಐದು ಕೇಂದ್ರಗಳು ಹಗರಿ, ರಾಯಚೂರು, ವಿಜಯಪುರ, ಸೊಲ್ಲಾಪುರ ಮತ್ತು ರೋಹ್ಟಕ್. ಆಗ ಹಗರಿ ಮದ್ರಾಸಿಗೆ, ವಿಜಯಪುರ ಮುಂಬಯಿಗೆ, ರಾಯಚೂರು ನಿಜಾಮರಿಗೆ ಸೇರಿತ್ತು. ಆಡಳಿತ ಬೇರೆಯಾದರೂ ಮಣ್ಣು, ಮಳೆ ಒಂದೇ ಬಗೆಯವಾದ್ದರಿಂದ ಒಂದೆಡೆಯ ಫಲಿತಾಂಶವನ್ನು ಇನ್ನೊಂದೆಡೆಯದರ ಪಕ್ಕದಲ್ಲಿಟ್ಟು ಓದಬಹುದಿತ್ತು. ಸಿರುಗುಪ್ಪದ ಕೇಂದ್ರ 1937ರಲ್ಲಿ ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಅಗತ್ಯಕ್ಕೆ. ತುಂಗಭದ್ರೆಯ ನೀರು ಹರಿಸಿದರೆ ಭಾರವಾದ ಎರೆಮಣ್ಣು ಹೇಗೆ ವರ್ತಿಸುತ್ತದೆ ಎಂಬುದನ್ನು ಬೇರೆಲ್ಲಿಂದಲೋ ತಂದ ಲೆಕ್ಕ ಹೇಳುವಂತಿರಲಿಲ್ಲ. ಅಲ್ಲಿಯೇ ನೀರು ಬಿಟ್ಟು ನೋಡಬೇಕಿತ್ತು. ಇಂದಿಗೂ ಕುರುಗೋಡು ಭಾಗದಲ್ಲಿ ಕಾಲುವೆ ನೀರಿನ ಹೊಲವೂ ಮಳೆ ನಂಬಿದ ಹೊಲವೂ ಹತ್ತಿರ ಹತ್ತಿರವೇ ಇವೆ. ಎರಡರಲ್ಲೂ ಹತ್ತಿ ಹಾಕಿದರೆ ಹುಳದ ಕಾಟವೂ ಇಳುವರಿಯೂ ಒಂದೇ ಆಗಿರುವುದಿಲ್ಲ.

ಕಾಯಿಕೊರಕ ಹುಳವನ್ನು ಕೊಲ್ಲುವ ಪ್ರೋಟೀನನ್ನು ತಾನೇ ತಯಾರಿಸುವ ಬಿಟಿ ಹತ್ತಿ ಭಾರತಕ್ಕೆ ಬಂದದ್ದು 1996ರಲ್ಲಿ, ಅಮೆರಿಕದ ಮೊನ್ಸಾಂಟೊ ಕಂಪನಿಯಿಂದ ಇಲ್ಲಿನ ಬೀಜ ಕಂಪನಿ ಮಹಿಕೊ ತರಿಸಿದ 100 ಗ್ರಾಂ ಬೀಜವಾಗಿ. ಕೋಕರ್ 312 ಎಂಬ ಆ ಅಮೆರಿಕನ್ ತಳಿಯಲ್ಲಿದ್ದ ಜೀನನ್ನು ಇಲ್ಲಿನ ಹೈಬ್ರಿಡ್‌ಗಳ ಪೋಷಕ ತಳಿಗಳಿಗೆ ಸಂಕರದ ಮೂಲಕ ದಾಟಿಸಲಾಯಿತು. 1998ರ ಮುಂಗಾರಿನಲ್ಲಿ ಒಂಬತ್ತು ರಾಜ್ಯಗಳ 40 ಕಡೆ ಪ್ರಯೋಗಕ್ಕೆ ಅನುಮತಿ ದೊರೆಯಿತು. ಪ್ರಯೋಗದ ಹೊಲಗಳು ಎಲ್ಲಿವೆ ಎಂಬುದು ಸುತ್ತಲಿನ ಜನರಿಗೆ ತಿಳಿದಿರಲಿಲ್ಲ. ತಾವು ಬಿತ್ತಿದ್ದು ಎಂಥ ಬೀಜವೆಂದು ಹೊಲದವರಿಗೇ ಹೇಳಿಲ್ಲ ಎಂಬುದು ರಾಜ್ಯ ರೈತ ಸಂಘದ ಆರೋಪ. ಅದೇ ವರ್ಷ ಟರ್ಮಿನೇಟರ್ ಬೀಜದ ಸುದ್ದಿ ಜಗತ್ತಿನಾದ್ಯಂತ ಹಬ್ಬಿ, ಬಿಟಿ ಹತ್ತಿಯೂ ಮರುಬಿತ್ತನೆಗೆ ಮೊಳೆಯದ ಬೀಜವೇ ಎಂಬ ಭಯ ಊರೂರಿಗೆ ತಲುಪಿತ್ತು. ಅದು ನಿಜವಲ್ಲ. ಆದರೆ ಪ್ರಯೋಗದ ವಿವರ ಬಚ್ಚಿಟ್ಟವರ ಮಾತನ್ನು ನಂಬುವವರು ಇರಲಿಲ್ಲ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘ ನವೆಂಬರ್ 28ರಂದು ಸಿಂಧನೂರು ಕಡೆಯ ಹೊಲದಲ್ಲಿ ಗಿಡಗಳನ್ನು ಕಿತ್ತು ಸುಟ್ಟಿತು. ಚಳವಳಿ ರಾಯಚೂರು–ಬಳ್ಳಾರಿ ಭಾಗದಿಂದ ದೇಶದ ಗಮನ ಸೆಳೆಯಿತು. 1999ರ ಆರಂಭದಲ್ಲಿ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್ 26ರಂದು. ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆ. ಮರುವರ್ಷವೇ ‘ಸೈನ್ಸ್’ ಪತ್ರಿಕೆಯಲ್ಲಿ ಮಾರ್ಟಿನ್ ಕೈಮ್ ಮತ್ತು ಡೇವಿಡ್ ಜಿಲ್ಬರ್‌ಮನ್ ಬರೆದ ಪ್ರಬಂಧ ಬಂತು. ಮಹಾರಾಷ್ಟ್ರ, ಮಧ್ಯಪ್ರದೇಶ, ತಮಿಳುನಾಡಿನ 157 ಹೊಲಗಳಲ್ಲಿ 2001ರಲ್ಲಿ ನಡೆದ ಪ್ರಯೋಗದ ಅಂಕಿಗಳನ್ನು ಆಧರಿಸಿ, ಬಿಟಿಯಿಂದ ಇಳುವರಿ ಶೇ. 80ರಷ್ಟು ಹೆಚ್ಚಿತೆಂದು ಅದು ಹೇಳಿತು. ಹುಳದ ಕಾಟ ವಿಪರೀತವಾಗಿದ್ದ ಒಂದೇ ಹಂಗಾಮಿನ ಫಲಿತಾಂಶವನ್ನು ಆಧಾರವಾಗಿಟ್ಟು, ಏಷ್ಯಾ ಮತ್ತು ಆಫ್ರಿಕದ ಬಡ ದೇಶಗಳಲ್ಲೂ ಹೀಗೇ ಆಗಬಹುದೆಂದು ಲೇಖಕರು ಊಹಿಸಿದ್ದರು. ಕಂಪನಿಯ ಪ್ರಯೋಗದ ಅಂಕಿಯಿಂದ ಇಷ್ಟು ದೂರ ಹೋಗಬಹುದೆ ಎಂಬ ಟೀಕೆಗೆ ಅದು ಗುರಿಯಾದದ್ದು ಸಹಜ.

ಹೊರಗಿನ ತಿಳಿವಳಿಕೆ ಇಲ್ಲಿ ಎಡವಿದ್ದನ್ನು ಕಾಣಲು ‘ಆಶ್ರಯ ಬೆಳೆ’ಯ ನಿಯಮ ಸಾಕು. ಹುಳಕ್ಕೆ ನಿರೋಧಶಕ್ತಿ ಬಾರದಿರಲಿ ಎಂದು ಹೊಲದ ಶೇ. 20ರಷ್ಟು ಜಾಗದಲ್ಲಿ ಅಥವಾ ಸುತ್ತ ಐದು ಸಾಲು, ಯಾವುದು ಹೆಚ್ಚೋ ಅಷ್ಟು, ಬಿಟಿ ಅಲ್ಲದ ಹತ್ತಿ ಹಾಕಬೇಕಿತ್ತು. ನೂರಾರು ಎಕರೆಯ ಅಮೆರಿಕನ್ ಹೊಲಗಳಲ್ಲಿ ರೂಢಿಗೆ ಬಂದ ಈ ಉಪಾಯ ಎರಡು–ಮೂರು ಎಕರೆಯವರಿಗೆ ಭಾರವಾಯಿತು. 450 ಗ್ರಾಂ ಬಿಟಿ ಬೀಜದ ಜೊತೆ ಬರುತ್ತಿದ್ದ 120 ಗ್ರಾಂ ಪೊಟ್ಟಣವನ್ನು ಬಿತ್ತದೇ ಬಿಟ್ಟವರೇ ಹೆಚ್ಚು. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಗೆ ಮಣಿಯುತ್ತಿಲ್ಲವೆಂದು ಮೊನ್ಸಾಂಟೊವೇ ಒಪ್ಪಿಕೊಂಡಿತು. ಮುಂದೆ ಎರಡನೆಯ ಪೀಳಿಗೆಯೂ ಸೋತು ಈ ಹುಳ ನಮ್ಮ ಹತ್ತಿ ಸೀಮೆಗಳನ್ನೂ ಕಾಡಿತು. ಅದೇ ಹುಳವನ್ನು ಅಮೆರಿಕ 2018ರಲ್ಲಿ ತನ್ನ ಹತ್ತಿ ಪ್ರದೇಶದಿಂದ ನಿರ್ಮೂಲ ಮಾಡಿದ್ದಾಗಿ ಘೋಷಿಸಿತು. ಬಿಟಿ ಪ್ರೋಟೀನಿನ ಗುಣ ಎರಡೂ ಕಡೆ ಒಂದೇ ಇತ್ತು. ಹಿಡುವಳಿಯ ಅಳತೆ, ಹತ್ತಿ ಹೊಲದಲ್ಲಿ ನಿಲ್ಲುವ ಕಾಲ, ಬಂಜೆ ಪತಂಗಗಳನ್ನು ಬಿಡುವಂಥ ಸರ್ಕಾರಿ ವ್ಯವಸ್ಥೆ ಇವು ಬೇರೆ ಇದ್ದವು.

ಹೊರಗಿನ ದತ್ತಾಂಶವನ್ನು ಯಾವಾಗ ಒಪ್ಪಬಹುದೆಂಬ ಪ್ರಶ್ನೆಗೆ ನಿಯಂತ್ರಕರ ವಲಯದಲ್ಲಿ ಸಿದ್ಧಾಂತದ ರೂಪ ಬಂದದ್ದು ತಡವಾಗಿ. 2003ರಲ್ಲಿ ಜಾರಿಗೆ ಬಂದ, ಜೈವಿಕ ಸುರಕ್ಷತೆಯ ಕಾರ್ಟಜೀನಾ ಒಪ್ಪಂದ ದೇಶಗಳು ತಮ್ಮ ತೀರ್ಮಾನಗಳನ್ನೂ ಅಪಾಯ ವಿಶ್ಲೇಷಣೆಯ ಸಾರವನ್ನೂ ಹಂಚಿಕೊಳ್ಳಲು ದಾರಿ ಮಾಡಿತು. 2014ರಲ್ಲಿ ಪ್ರಕಟವಾದ ಒಂದು ಚೌಕಟ್ಟು, ಹವಾಮಾನ ಹಾಗೂ ಕೃಷಿ ಪರಿಸರ ಹೋಲುವ ಕಡೆ ಮತ್ತೆ ಪ್ರಯೋಗ ಬೇಡವೆಂದು ವಾದಿಸಿತು. ಎಲ್ಲಕ್ಕೂ ತನ್ನ ನೆಲದಲ್ಲೇ ಪ್ರಯೋಗ ಕೇಳುತ್ತಿದ್ದ ಜಪಾನ್ ಅದೇ ವರ್ಷ ಪರಿಚಿತ ಗುಣಗಳ ಮೆಕ್ಕೆಜೋಳಕ್ಕೆ ವಿನಾಯಿತಿ ಕೊಟ್ಟಿತು. ವಾದದಲ್ಲಿ ಹುರುಳಿದೆ: ಒಂದೇ ಪ್ರಶ್ನೆಗೆ ಹತ್ತು ದೇಶಗಳಲ್ಲಿ ಪ್ರಯೋಗ ನಡೆಸುವಷ್ಟು ಹಣ ಕಂಪನಿಗಳಿಗಿದೆ, ಸಾರ್ವಜನಿಕ ವಿಶ್ವವಿದ್ಯಾಲಯಗಳಿಗಿಲ್ಲ.

ಬಿಟಿ ಬದನೆಯ ಕತೆಯಲ್ಲಿ ಹರಿವು ತಿರುಗಿತು. ಈ ಬಾರಿ ಭಾರತದ ದತ್ತಾಂಶವೇ ಹೊರಗೆ ಹೋಯಿತು. ಮಹಿಕೊದ ಜೀನನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ ಮಲಾಪುರ, ಕುಡಚಿ, ಉಡುಪಿಯಂಥ ಸ್ಥಳೀಯ ತಳಿಗಳಿಗೆ ಸೇರಿಸಿತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಬೆಂಬಲ ಕೊಟ್ಟಿತ್ತು. ಸುರಕ್ಷತಾ ಪರೀಕ್ಷೆಯ ಮೂಲ ವಿವರ ಕೇಳಿ ಗ್ರೀನ್‌ಪೀಸ್ ಮಾಹಿತಿ ಹಕ್ಕಿನ ಅರ್ಜಿ ಹಾಕಿದಾಗ ವ್ಯಾಪಾರ ರಹಸ್ಯದ ನೆಪ ಎದುರಾಯಿತು. 2008ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯ ನಂತರವೇ ಆ ವಿವರ ಜನರ ಮುಂದೆ ಬಂತು. ಕುಲಾಂತರಿಗಳಿಗೆ ಅನುಮತಿ ಕೊಡುವ ಕೇಂದ್ರದ ಸಮಿತಿ ಜಿಇಎಸಿ ಈ ಬದನೆಯನ್ನು 2009ರ ಅಕ್ಟೋಬರ್‌ನಲ್ಲಿ ಒಪ್ಪಿತು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿದ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಇಲ್ಲಿ ಕಪಾಟು ಸೇರಿದ ಕಡತ ಬಾಂಗ್ಲಾದೇಶಕ್ಕೆ ಉಪಯೋಗವಾಯಿತು. ಅದೇ ಜೀನಿನ ಬದನೆಗೆ ಆ ದೇಶ 2013ರಲ್ಲಿ, ಫಿಲಿಪ್ಪೀನ್ಸ್ 2022ರಲ್ಲಿ ಬೇಸಾಯದ ಅನುಮತಿ ಕೊಟ್ಟವು. ಫಿಲಿಪ್ಪೀನ್ಸ್‌ನ ಅನುಮತಿಯನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ರದ್ದು ಮಾಡಿತು. ನೆರೆಯ ದೇಶದ ಅಧಿಕಾರಿಗಳು ಓದಬಹುದಾದ ಕಡತವನ್ನು, ತಳಿ ಮತ್ತು ತೆರಿಗೆ ಎರಡನ್ನೂ ಕೊಟ್ಟ ನಮ್ಮ ರೈತರಿಗೆ ತೋರಿಸಲು ನ್ಯಾಯಾಲಯವೇ ಹೇಳಬೇಕಾದದ್ದು ಈ ಚರಿತ್ರೆಯ ನೋವಿನ ಭಾಗ.

ಪ್ರಶ್ನೆ ಈಗ ಸಾಸಿವೆಯ ಮೇಲೆ ನಿಂತಿದೆ. 2022ರ ಅಕ್ಟೋಬರ್‌ನಲ್ಲಿ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ ಷರತ್ತಿನ ಒಪ್ಪಿಗೆ ಸಿಕ್ಕಾಗ, ಜೇನುಹುಳುವಿಗೆ ಅಪಾಯವಿರಲಾರದೆಂಬ ತಜ್ಞರ ಅಭಿಪ್ರಾಯ ಹೊರದೇಶಗಳ ಅನುಭವವನ್ನು ಆಧರಿಸಿತ್ತು. ಇಲ್ಲಿನ ಅಧ್ಯಯನವನ್ನು ಬಿಡುಗಡೆಯ ನಂತರ ಮಾಡುವಂತೆ ಸೂಚಿಸಲಾಗಿತ್ತು. 2024ರ ಜುಲೈ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ನಿಲುವು ತಳೆದರು. ಸಂಜಯ್ ಕರೋಲ್ ಒಪ್ಪಿಗೆಯನ್ನು ಎತ್ತಿಹಿಡಿದರು. ಕರ್ನಾಟಕದವರಾದ ಬಿ.ವಿ. ನಾಗರತ್ನ ಅದನ್ನು ರದ್ದುಪಡಿಸಿದರು; ಈ ನೆಲದ ಪರಿಸರದಲ್ಲಿ ನಡೆದ ಅಧ್ಯಯನಗಳನ್ನು ಜಿಇಎಸಿ ಆಧರಿಸಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಹೀಗಾಗಿ ಪ್ರಕರಣವನ್ನು ಹೆಚ್ಚಿನ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಆದೇಶವಾಯಿತು.