ಆನುವಂಶಿಕ ಗುರುತುಗಳು (ಕಾಡುಸಸ್ಯಗಳ ಅಧ್ಯಯನದಲ್ಲಿ)

ಕಾಡಿನ ಗಿಡಮರಗಳಲ್ಲಿ ಯಾವುದಕ್ಕೆ ಯಾವುದು ನೆಂಟ, ಪರಾಗ ಮತ್ತು ಬೀಜ ಎಷ್ಟು ದೂರ ಸಾಗುತ್ತವೆ ಎಂಬುದನ್ನು ತಿಳಿಯಲು ನೆರವಾಗುವ, ಗಿಡದಿಂದ ಗಿಡಕ್ಕೆ ಬದಲಾಗುವ ಡಿಎನ್‌ಎ ಭಾಗಗಳು. ಇವುಗಳಲ್ಲಿ ಬಹಳ ಬಳಕೆಯಾದದ್ದು ಮೈಕ್ರೋಸ್ಯಾಟಲೈಟ್. ಒಂದರಿಂದ ಆರು ಅಕ್ಷರಗಳ ಗುಂಪು ಸಾಲಾಗಿ ಮರುಕಳಿಸುವ ಜಾಗವಿದು. ‘ಜಿಎ’ ಎಂಬ ಜೋಡಿ ಒಂದು ಮರದಲ್ಲಿ 12 ಸಲ ಬಂದರೆ ಪಕ್ಕದ ಮರದಲ್ಲಿ 17 ಸಲ ಬಂದೀತು. ತಂದೆತಾಯಿಗಳಿಂದ ಒಂದೊಂದು ಪ್ರತಿ ಬರುವುದರಿಂದ ಸಸಿಯ ಹೆತ್ತವರನ್ನೂ ಪತ್ತೆಮಾಡಬಹುದು.

ಭತ್ತ, ಮೆಕ್ಕೆಜೋಳಗಳಿಗೆ ಸಿದ್ಧ ಗುರುತುಗಳಿವೆ. ಕಾಡುಮರಕ್ಕೆ ಸಾಮಾನ್ಯವಾಗಿ ಹೊಸದಾಗಿಯೇ ಹುಡುಕಬೇಕು. ಹತ್ತಿರದ ಜಾತಿಯ ಪ್ರೈಮರ್‌ಗಳು (ಗುರುತಿನ ಜಾಗದ ಅಕ್ಕಪಕ್ಕ ಕೂರುವ ಚಿಕ್ಕ ಡಿಎನ್‌ಎ ತುಂಡುಗಳು) ಕೆಲವೊಮ್ಮೆ ಒದಗುತ್ತವೆ, ನೆಚ್ಚಿಕೊಳ್ಳುವಂತಿಲ್ಲ. ಡಿಎನ್‌ಎ ತೆಗೆಯಲು ಕಿತ್ತ ಎಲೆಯನ್ನು ಸಿಲಿಕಾ ಜೆಲ್ ಹರಳುಗಳ ಜೊತೆ ಚೀಲದಲ್ಲಿಟ್ಟು ಒಣಗಿಸುತ್ತಾರೆ. ಎಲೆಯ ಅಂಟು, ಒಗರು ಡಿಎನ್‌ಎ ಜೊತೆಗೇ ಇಳಿದುಬಂದು ಪಿಸಿಆರ್ ಅನ್ನು (ಬೇಕಾದ ಜಾಗವನ್ನು ನಕಲಿಸಿ ಹೆಚ್ಚಿಸುವ ಕ್ರಮವನ್ನು) ಕೆಡಿಸುವುದುಂಟು. ಗುರುತಿನ ಜಾಗ ಸಿಗಬೇಕಾದರೆ ಹಿಂದೆ ಡಿಎನ್‌ಎ ತುಣುಕುಗಳನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೆಳೆಸಿ, ಒಂದೊಂದಾಗಿ ಹುಡುಕಬೇಕಿತ್ತು. ಈಗ ಸೀಕ್ವೆನ್ಸಿಂಗ್ ಯಂತ್ರ ಸಾವಿರಾರು ಜಾಗಗಳನ್ನು ಒಮ್ಮೆಗೇ ಮುಂದಿಡುತ್ತದೆ. ಹುಡುಕಾಟ ಹಗುರವಾಯಿತು, ಪರೀಕ್ಷೆಯ ಹೊರೆ ಹಾಗೇ ಉಳಿಯಿತು.

ಸಿಕ್ಕ ಜಾಗಗಳಲ್ಲಿ ಬಹಳಷ್ಟು ಕೈಕೊಡುತ್ತವೆ. ಕೆಲವು ಎಲ್ಲ ಮರಗಳಲ್ಲೂ ಒಂದೇ ತೆರ. ಅದಕ್ಕಿಂತ ಮೋಸದ್ದು ‘ಶೂನ್ಯ ಆಲೀಲ್’. ಪ್ರೈಮರ್ ಕೂರಬೇಕಾದ ಕಡೆ ಒಂದಕ್ಷರ ಬದಲಾಗಿದ್ದರೂ ಆ ಪ್ರತಿ ಕಾಣದೇ ಹೋಗಬಹುದು. ಆಗ ಎರಡು ಬಗೆಯ ಪ್ರತಿಗಳಿರುವ ಮರ ಒಂದೇ ಬಗೆಯದೆಂದು ದಾಖಲಾಗುತ್ತದೆ, ಇಲ್ಲದ ಒಳಸಂಕರಣ ಲೆಕ್ಕಕ್ಕೆ ಬರುತ್ತದೆ. ತಾಯಿಮರವನ್ನೂ ಅದರ ಬೀಜದಿಂದ ಎದ್ದ ಸಸಿಗಳನ್ನೂ ಒಟ್ಟಿಗೆ ಓದಿದರೆ ಕಳ್ಳ ಸಿಗುತ್ತಾನೆ: ತಾಯಿಯ ಒಂದು ಪ್ರತಿಯೂ ಇಲ್ಲವೆನ್ನುವ ಸಸಿ ಇರಲಾರದು.

ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಬಿಳಿ ದೇವದಾರು (ಡೈಸಾಕ್ಸಿಲಮ್ ಮಲಬಾರಿಕಮ್) ಈ ಗುರುತುಗಳ ಬಳಕೆಗೆ ಒಳ್ಳೆಯ ಉದಾಹರಣೆ. ಬೇವಿನ ಕುಟುಂಬದ ಈ ಎತ್ತರದ ಮರ ಕೊಡಗಿನಲ್ಲಿ ಕಾಫಿ ತೋಟಗಳ ನಡುವಿನ ಕಾಡುತುಂಡುಗಳಲ್ಲಿ ಉಳಿದುಕೊಂಡಿದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 11 ಮೈಕ್ರೋಸ್ಯಾಟಲೈಟ್ ಜಾಗಗಳ ಮೂಲಕ ನರ್ಸರಿಯಲ್ಲಿ ಬೆಳೆಸಿದ 297 ಸಸಿಗಳನ್ನು ಓದಿತು. ಮರಗಳು ವಿರಳವಾಗಿರುವ ಕಡೆ ನೆಂಟರ ನಡುವೆಯೇ ಪರಾಗಸ್ಪರ್ಶವಾಗಿ ಸಸಿಗಳು ಸೊರಗುತ್ತಿದ್ದವು. ಈ ಗುರುತುಗಳ ಕಣ್ಣಿಗೆ ಬೀಳದ ಕಾರಣವೊಂದೂ ಜೊತೆಗಿತ್ತು: ನೆತ್ತಿಯ ಚಪ್ಪರ ತೆರೆದು ಬಿಸಿಲು ಇಳಿದಷ್ಟೂ ಆ ಜಾಗ ಹೊಸ ಸಸಿಗಳಿಗೆ ಒಗ್ಗದಂತಾಗುತ್ತಿತ್ತು.